ನೀಲಿ ಪಟ್ಟಿಯ ಕವರು

"ಗಂಟು ಬಿಚ್ಚಬೇಡಿ ಅಣ್ಣಾ!"

ನನ್ನ ಕೈ ಅಲ್ಲೇ ನಿಂತಿತು. ಇಸ್ತ್ರಿ ಮೇಜಿನ ಮೇಲೆ, ಮಡಿಸಿಟ್ಟ ಎರಡು ಕೋಟುಗಳ ನಡುವೆ, ಅಂಗಡಿಯವಳ ಗಂಡನ ಕ್ಯಾಮೆರಾ ಮಲಗಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಠಾಣೆಯವರು ಸಹಿ ಹಾಕಿಸಿಕೊಂಡು ಅದನ್ನು ಅವಳ ಕೈಗೆ ಕೊಟ್ಟಿದ್ದರು, ಸತ್ತವರ ಸಾಮಾನು ಕೊಡುವಾಗ ಮಾಡಿಕೊಳ್ಳುವ ಮುಖ ಮಾಡಿಕೊಂಡು. ಡ್ರೈಕ್ಲೀನ್ ಆದ ಕೋಟಿಗೆ ಹಾಕುತ್ತಾರಲ್ಲ, ಅಂಥ ತೆಳು ಪ್ಲಾಸ್ಟಿಕ್ ಕವರಿನಲ್ಲಿ ಅದನ್ನು ಸುತ್ತಿ, ಗಾಳಿಯನ್ನೆಲ್ಲ ಒತ್ತಿ ತೆಗೆದು, ಬಾಯಿಗೆ ಬಿಗಿಯಾಗಿ ಗಂಟು ಹಾಕಿತ್ತು. ಕವರಿನ ಅಂಚಿಗೆ ಒಂದು ನೀಲಿ ಪಟ್ಟಿ.

"ಯಾಕಮ್ಮ? ಒಳಗೇನಿದೆ ಅಂತ ನೋಡಬೇಡ್ವಾ?"

"ಮೊದಲು ಗಂಟು ನೋಡಿ. ಇದು ನಮ್ಮ ಅಂಗಡಿ ಗಂಟು. ಎಳೆದಷ್ಟೂ ಬಿಗಿಯಾಗತ್ತೆ, ತುದಿ ಹಿಡಿದು ತಿರುಚಿದ್ರೆ ಮಾತ್ರ ಬಿಚ್ಕೊಳ್ಳತ್ತೆ. ನಾನೇ ಅವರಿಗೆ ಕಲಿಸಿದ್ದು. ಬೇರೆ ಯಾರು ಹಾಕಿದ್ರೂ ಹೀಗೆ ಕೂರಲ್ಲ."

ಅವಳ ಗಂಡ ಸಿಟಿ ಬಸ್ಸಿನ ಡ್ರೈವರ್. ರಜೆ ಸಿಕ್ಕಿದರೆ ಸಾಕು, ನದಿಯ ದಂಡೆಗೆ ಓಡಿ ಸರಕು ಹಡಗುಗಳ ಫೋಟೋ ತೆಗೆಯುವವನು. ಮಂಜು ಬಿದ್ದ ಎರಡನೆಯ ದಿನ ಬೆಳಗ್ಗೆ ಹಾಗೆ ಹೋದವನು ವಾಪಸ್ಸು ಬಂದಿಲ್ಲ, ದಂಡೆಯ ಬಸ್‌ಸ್ಟಾಪಿನಲ್ಲಿ ಸಿಕ್ಕ ಕ್ಯಾಮೆರಾ ಮಾತ್ರ ಬಂದಿದೆ. ಫೋಟೋ ತೆಗೆಯುವಾಗ ಕಾಲು ಜಾರಿ ನೀರಿಗೆ ಬಿದ್ದಿದ್ದಾನೆ ಎಂದು ಬರೆದು ಪೊಲೀಸರು ಕೈ ತೊಳೆದುಕೊಂಡಿದ್ದರು.

"ಅಣ್ಣಾ, ಫೋಟೋ ತೆಗೀತಾ ಇರೋವ್ರು ಕ್ಯಾಮೆರಾನ ಕವರಲ್ಲಿ ಕಟ್ಟಿ ಇಟ್ಕೊಂಡಿರ್ತಾರಾ?"

ನಾನು ಇಪ್ಪತ್ತು ವರ್ಷ ವಿಮಾ ಕಂಪನಿಗೆ ಸುಳ್ಳು ಕ್ಲೇಮುಗಳನ್ನು ಹಿಡಿದುಕೊಟ್ಟವನು. ಈಗ ಸ್ವಂತಕ್ಕೆ ಪತ್ತೇದಾರಿಯ ಬೋರ್ಡು ಹಾಕಿಕೊಂಡಿದ್ದೇನೆ. ನನ್ನ ಶರ್ಟುಗಳು ಇಸ್ತ್ರಿಯಾಗುವುದು ಇವಳ ಅಂಗಡಿಯಲ್ಲೇ, ಅದಕ್ಕೇ ಇವಳು ನನಗೆ ಅಣ್ಣಾ ಅನ್ನುವುದು. ಆದರೂ ಈ ಪ್ರಶ್ನೆ ನನಗಿಂತ ಮುಂಚೆ ಅವಳಿಗೆ ಹೊಳೆಯಿತು ಎನ್ನುವುದನ್ನು ಒಪ್ಪಿಕೊಳ್ಳಬೇಕು.

"ಮತ್ತೆ ಯಾವಾಗ ಕಟ್ತಾರೆ?" ಎಂದೆ.

"ಬೆಚ್ಚಗಿರೋ ಜಾಗಕ್ಕೆ ಹೋಗೋ ಮುಂಚೆ. ಹೊರಗಿನ ಥಂಡಿಯಲ್ಲಿದ್ದ ಕ್ಯಾಮೆರಾನ ಹಂಗೇ ಬೆಚ್ಚಗಿನ ರೂಮಿಗೆ ತಂದ್ರೆ ಮೈಯೆಲ್ಲ ನೀರು ಕೂರತ್ತಂತೆ, ಲೆನ್ಸ್ ಒಳಗೂ. ಅದಕ್ಕೇ ಬಾಗಿಲಾಚೆನೇ ಕಟ್ಕೊಂಡು ಬರ್ತಾರೆ. ಒಳಗೆ ಬಂದ್ಮೇಲೂ ಅದು ಬೆಚ್ಚಗಾಗೋವರೆಗೂ ಬಿಚ್ಚಲ್ಲ. ನನ್ನ ಅಂಗಡಿ ಕವರೆಲ್ಲ ಹಿಂಗೇ ಖಾಲಿ ಆಗಿದ್ದು. ಕೋಟಿಗೆ ಇಲ್ಲದೆ ಇದ್ರೂ ಪರವಾಗಿಲ್ಲ, ಅವರ ಕ್ಯಾಮೆರಾಗೆ ಬೇಕು!"

ಬೈಯುತ್ತಲೇ ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ, ಏನೂ ಇಲ್ಲದ ಮೇಜಿನ ಮೇಲೆ ಒಮ್ಮೆ ಎಳೆದು, ಮತ್ತೆ ಅದರ ಜಾಗದಲ್ಲಿ ಇಟ್ಟಳು.

ಹಾಗಿದ್ದರೆ ಬಸ್ ಡ್ರೈವರ್ ದಂಡೆಯಿಂದ ನೀರಿಗೆ ಬಿದ್ದಿಲ್ಲ. ಅವನು ಎಲ್ಲೋ ಬೆಚ್ಚಗಿನ ಜಾಗಕ್ಕೆ ಹೊರಟಿದ್ದ. ಅಲ್ಲಿ ಕೂತು ಕ್ಯಾಮೆರಾ ಬೆಚ್ಚಗಾಗುವುದನ್ನು ಕಾಯುತ್ತಿದ್ದಾಗಲೇ ಅವನಿಗೆ ಏನೋ ಆಗಿದೆ. ಆಮೇಲೆ ಬೇರೆ ಯಾರೋ ಕ್ಯಾಮೆರಾವನ್ನು ತಂದು ದಂಡೆಯಲ್ಲಿ ಇಟ್ಟಿದ್ದಾರೆ.

"ಎಷ್ಟು ಕವರು ತಗೊಂಡು ಹೋಗಿದ್ರು?"

"ಯಾವಾಗಲೂ ಎರಡು. ಒಂದು ಕ್ಯಾಮೆರಾಗೆ, ಒಂದು ಆ ದೊಡ್ಡ ಲೆನ್ಸಿಗೆ."

ಠಾಣೆಯವರು ಕೊಟ್ಟ ಸಾಮಾನಿನಲ್ಲಿ ದೊಡ್ಡ ಲೆನ್ಸೂ ಇರಲಿಲ್ಲ, ಇನ್ನೊಂದು ಕವರೂ ಇರಲಿಲ್ಲ.

ಹೊರಗೆ ನದಿಯ ಕಡೆಯಿಂದ ಗಂಟೆ ಬಾರಿಸಿದ ಸದ್ದು ಕೇಳಿಸಿತು, ಗಡಿಬಿಡಿಯಲ್ಲಿ ಬಾರಿಸಿ ನಿಲ್ಲಿಸಿದ ಹಾಗೆ. ಮಂಜು ಅಂಗಡಿಯ ಗಾಜಿಗೆ ಬಂದು ಒರಗಿತ್ತು. ಎದುರಿನ ಮನೆಯೂ ಕಾಣುತ್ತಿರಲಿಲ್ಲ.

"ಅದು ಲಂಗರು ಹಾಕಿರೋ ಹಡಗು," ಎಂದಳು, ನಾನು ಕೇಳದಿದ್ದರೂ. "ಮಂಜಲ್ಲಿ ನಿಂತಿದ್ರೆ ಗಂಟೆ ಬಾರಿಸ್ಬೇಕು. ಹೋಗ್ತಾ ಇದ್ರೆ ಉದ್ದಕ್ಕೊಂದು ಹಾರ್ನು. ಚಿಕ್ಕಚಿಕ್ಕದು ಐದು ಹೊಡೆದ್ರೆ, ನೀನೇನು ಮಾಡ್ತಿದ್ದೀಯೋ ನನಗೆ ತಿಳೀತಿಲ್ಲ ಅಂತ ಎದುರಿಗಿರೋವ್ರಿಗೆ ಕೇಳಿದ ಹಂಗಂತೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಮದುವೆಯಾದ ಹೊಸದರಲ್ಲಿ ನಾನು ಮುನಿಸ್ಕೊಂಡು ಮೂಲೆ ಸೇರಿದ್ರೆ, ಬಾಗಿಲಲ್ಲಿ ನಿಂತು ಬಾಯಲ್ಲೇ ಐದು ಸಲ ಊದೋರು. ನಗದೆ ಇರೋಕೆ ಆಗ್ತಿರ್ಲಿಲ್ಲ."

ಗಂಟನ್ನು ಅವಳೇ ತಿರುಚಿ ಬಿಚ್ಚಿದಳು. ಠಾಣೆಯವರು ಬಿಚ್ಚಿ ನೋಡುವಷ್ಟು ಶ್ರಮವನ್ನೂ ಪಟ್ಟಿರಲಿಲ್ಲ. ಅಂಥ ಸೋಮಾರಿತನಕ್ಕೆ ನಾನು ಕೈ ಮುಗಿದದ್ದು ಇದೇ ಮೊದಲು.

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಫೋಟೋಗಳನ್ನು ಒಂದೊಂದಾಗಿ ಸರಿಸಿದೆವು. ಬಿಳಿ. ಮತ್ತೆ ಬಿಳಿ. ಬಿಳಿಯೊಳಗೆ ಒಂದು ಕಂದು ಕಲೆ. ಹುಚ್ಚ ಅಂದರೆ ಹುಚ್ಚನೇ, ಏನೂ ಕಾಣದ ಮಂಜಿಗೆ ಇಷ್ಟೊಂದು ಫೋಟೋ! ಅಷ್ಟರಲ್ಲಿ ಒಂದು ಚಿತ್ರ ಬಂತು. ಮಂಜು ಬಾಗಿಲು ತೆರೆದ ಹಾಗೆ ಸರಿದಿದೆ. ನಡುವೆ ಹಡಗೊಂದರ ಮೂತಿ. ಮೇಲಿಂದ ಹಗ್ಗ ಕಟ್ಟಿ ಇಳಿಬಿಟ್ಟ ಹಲಗೆಯ ಮೇಲೆ ಒಬ್ಬ ಬ್ರಷ್ ಹಿಡಿದು ಕೂತಿದ್ದಾನೆ. ಹಡಗಿನ ಹೆಸರಿನ ಅರ್ಧ ಅಕ್ಷರಗಳು ಕಪ್ಪು ಬಣ್ಣದಡಿ ಹೋಗಿವೆ, ಅರ್ಧ ಇನ್ನೂ ಉಳಿದಿವೆ.

"ಇದು ಮೊದಲನೇ ದಿನದ್ದು," ಅಂದಳು. "ಎಷ್ಟು ಕುಣಿದ್ರು ಗೊತ್ತಾ ಅವತ್ತು! ಮಂಜು ಹಿಂಗೆ ಬಿಟ್ಟುಕೊಡೋದು ಜನ್ಮಕ್ಕೊಂದು ಸಲ ಅಂತ. ಸಂಜೆಗೇ ಪ್ರಿಂಟು ಹಾಕಿ ಹಡಗಿನವರಿಗೆ ಕಳಿಸಿದ್ರು."

"ಏನು? ಯಾರಿಗೆ ಕಳಿಸಿದ್ರು?"

"ಹಡಗಿನವರಿಗೇ ಅಣ್ಣಾ. ಒಳಗಿರೋವ್ರಿಗೆ ತಮ್ಮ ಹಡಗು ಹೊರಗಿಂದ ಹೆಂಗೆ ಕಾಣತ್ತೆ ಅಂತ ಗೊತ್ತಿರಲ್ವಲ್ಲ. ಅದಕ್ಕೆ ಇವರು ಚೆನ್ನಾಗಿ ಬಂದ ಫೋಟೋನ ಪ್ರಿಂಟ್ ಮಾಡಿ ದೋಣಿಯಲ್ಲಿ ಕಳಿಸ್ತಾರೆ, ಸುಮ್ನೆ ಪ್ರೀತಿಗೆ. ದಂಡೇಲಿ ಫೋಟೋ ತೆಗೆಯೋರೆಲ್ಲ ಹಂಗೇ ಮಾಡೋದು. ಎಷ್ಟೋ ಊರಿಂದ ಥ್ಯಾಂಕ್ಸ್ ಅಂತ ಕಾರ್ಡ್ ಬಂದಿದೆ."

ನಾನು ಸ್ಟೂಲು ಎಳೆದುಕೊಂಡು ಕೂತು ಆ ಚಿತ್ರವನ್ನು ಇನ್ನೊಮ್ಮೆ ನೋಡಿದೆ.

ವಿಮೆಯ ಕೆಲಸದಲ್ಲಿ ಇಂಥದ್ದನ್ನು ನಾನು ನೋಡಿದ್ದೇನೆ. ಕಾಗದದ ಮೇಲೆ ಮುಳುಗಿಹೋದ ಹಡಗು, ನೀರಿನ ಮೇಲೆ ಬೇರೆ ಹೆಸರಿಟ್ಟುಕೊಂಡು ತೇಲುತ್ತಿರುತ್ತದೆ. ಹೆಸರು ಬದಲಿಸಲು ಯಾರೂ ಕಾಣದ ಜಾಗ ಬೇಕು, ಮಂಜು ಬಿದ್ದ ನದಿಗಿಂತ ಒಳ್ಳೆಯ ಜಾಗ ಯಾವುದಿದೆ? ಆ ಕೆಲಸ ಮಾಡುತ್ತಿದ್ದವರಿಗೆ ಈ ಪುಣ್ಯಾತ್ಮ ಅದರ ಫೋಟೋ ತೆಗೆದು ಉಡುಗೊರೆ ಕಳಿಸಿದ್ದ. ಕಳ್ಳನ ಮನೆಗೇ ಹೋಗಿ, ನೀನು ಗೋಡೆ ಕೊರೆಯುವಾಗ ಎಷ್ಟು ಚೆನ್ನಾಗಿ ಕಾಣುತ್ತಿದ್ದೆ ನೋಡು ಎಂದು ಪಟ ಕೊಟ್ಟ ಹಾಗೆ.

ಅವಳಿಗೆ ಇದನ್ನು ಹೇಳಿದೆ. ಅವಳು ಅಳಲಿಲ್ಲ. ರೇಡಿಯೋ ಕಡೆ ನೋಡಿದಳು. ಅದರಲ್ಲಿ ಯಾರೋ ಖುಷಿಯಿಂದ ಹೇಳುತ್ತಿದ್ದರು, ಮಧ್ಯಾಹ್ನದ ಹೊತ್ತಿಗೆ ಮಂಜು ಸರಿಯಲಿದೆ, ನಿಂತ ಹಡಗುಗಳು ಸಮುದ್ರಕ್ಕೆ ಹೊರಡಲಿವೆ.

"ಮಂಜು ಹೋದ್ರೆ ಹಡಗೂ ಹೋಗತ್ತೆ," ಎಂದಳು. "ಅವರೂ ಹೋಗ್ತಾರೆ."

ಊರಿಗೆ ಊರೇ ಬಿಸಿಲಿಗೆ ಹಾತೊರೆಯುತ್ತಿದ್ದ ಆ ಬೆಳಗ್ಗೆ, ಮಂಜು ಇನ್ನೊಂದಿಷ್ಟು ಹೊತ್ತು ಇರಲಿ ಎಂದು ಬೇಡಿಕೊಂಡವರು ನಾವಿಬ್ಬರೇ ಇರಬೇಕು. ನಾನು ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದೆ. ಅವರು ಆಕಳಿಸುತ್ತಲೇ ಪೂರ್ತಿ ಕೇಳಿಸಿಕೊಂಡರು.

"ಮಂಜು ಸರೀಲಿ ಸ್ವಾಮಿ, ಬೋಟು ಕಳಿಸ್ತೀನಿ. ಇದರಲ್ಲಿ ನಮ್ಮವರನ್ನ ನದಿಗಿಳಿಸಿ ಅವರೂ ಕಳೆದುಹೋದ್ರೆ ಯಾರಪ್ಪ ಉತ್ತರ ಕೊಡೋದು?"

"ಮಂಜು ಸರಿದ ಮೇಲೆ ಹಡಗು ಇರಲ್ಲ ಸಾರ್!"

"ಇಲ್ಲದೆ ಇದ್ರೆ ಇಲ್ಲ. ಇದ್ರೆ ನೋಡೋಣ," ಎಂದು ಫೋನಿಟ್ಟರು. ನಾನು ಆಡಿದ ಮಾತನ್ನು ಸಂಪಾದಕರು ಇಲ್ಲಿ ಅಚ್ಚು ಹಾಕಲಾರರು.

*

ನಿಂತ ಹಡಗುಗಳಿಗೆ ತರಕಾರಿ, ಸಿಲಿಂಡರು, ಸಿಗರೇಟು ಒಯ್ಯುವ ದೋಣಿ ಒಂದೇ. ಅದರ ಯಜಮಾನನನ್ನು ದಂಡೆಯವರೆಲ್ಲ ಗಂಟಲು ಎಂದು ಕರೆಯುತ್ತಾರೆ. ಈ ದಡದಿಂದ ಕೂಗಿದರೆ ಆ ದಡದ ನಾಯಿ ಬೊಗಳುತ್ತದೆ, ಅಂಥ ದನಿ. ಬಸ್ ಡ್ರೈವರನ ಜೀವದ ಗೆಳೆಯ. ಫೋಟೋಗಳನ್ನು ಹಡಗಿಗೆ ತಲುಪಿಸುತ್ತಿದ್ದವನೂ ಅವನೇ.

ದೋಣಿ ಮೆಟ್ಟಿಲಿಗೆ ಕಟ್ಟಿತ್ತು. ನಾವು ತಲೆ ಬಗ್ಗಿಸಿ ಅದರ ಪುಟ್ಟ ಕೋಣೆಗೆ ನುಗ್ಗಿದೆವು. ಒಳಗೆ ಸೀಮೆಎಣ್ಣೆ ಒಲೆ ಉರಿಯುತ್ತಿತ್ತು. ಹಾಳಾದ್ದು, ಕಟ್ಟಿದ ದೋಣಿಯೂ ಹೀಗೆ ತೂಗುತ್ತದೆಯೇ? ನನಗೆ ಈಜು ಬರುವುದಿಲ್ಲ. ಬಕೆಟ್ಟಿನ ನೀರಿನಾಚೆ ಯಾವ ನೀರನ್ನೂ ನಾನು ನಂಬಿದವನಲ್ಲ.

"ಬನ್ನಿ ಅತ್ತಿಗೆ," ಎಂದ ಗಂಟಲು. ಪಿಸುಮಾತಿನಲ್ಲಿ.

ಅವಳು ಅವನ ಮುಖ ನೋಡುತ್ತಾ ಕೂತಳು. ನಾನು ಪ್ರಶ್ನೆ ಶುರುಮಾಡಿದೆ.

"ಕೊನೇ ಸಲ ಅವನನ್ನ ಯಾವಾಗ ನೋಡಿದ್ದು?"

"ಪೊಲೀಸ್ನೋರಿಗೆ ಹೇಳಿದ್ನಲ್ಲ ಸಾರ್. ಮಂಜು ಬಿದ್ದ ಮೇಲೆ ನಾನು ದೋಣೀನೇ ಬಿಚ್ಚಿಲ್ಲ. ನೋಡೇ ಇಲ್ಲ."

"ಫೋಟೋ ಕೊಟ್ನಲ್ಲ ನಿನ್ನ ಕೈಲಿ? ಮೊದಲನೇ ದಿನ ಸಂಜೆ?"

"ಯಾವ ಫೋಟೋ?"

"ದೋಣಿ ಬಿಚ್ಚಿಲ್ಲ ಅಂದ್ಯಲ್ಲ, ಹಿಂದುಗಡೆ ಖಾಲಿ ಬುಟ್ಟಿಗಳಿವೆ. ಅಷ್ಟೂ ಸೊಪ್ಪು ನೀನೊಬ್ಬನೇ ತಿಂದ್ಯಾ?"

ಅವನು ಒಲೆಯ ಬತ್ತಿ ಸರಿಮಾಡತೊಡಗಿದ. ಅದು ಸರಿಯಾಗಿಯೇ ಉರಿಯುತ್ತಿತ್ತು. ನಾನು ದನಿ ಏರಿಸಿದೆ, ಮೇಜು ಗುದ್ದಿದೆ, ಜೈಲು ಎಂದೆ, ಗಲ್ಲು ಎಂದೆ. ಅವನು ಬತ್ತಿಯನ್ನು ಏರಿಸಿ ಇಳಿಸುತ್ತಲೇ ಇದ್ದ.

ಆಗ ಅವಳು ಬ್ಯಾಗಿನಿಂದ ಕ್ಯಾಮೆರಾ ತೆಗೆದು ಅವನ ಮುಂದಿಟ್ಟಳು.

"ನಿಮಗೊಂದು ಥ್ಯಾಂಕ್ಸ್ ಹೇಳೋಣ ಅಂತ ಬಂದೆ ಮೈದುನಾ."

"ನನಗಾ? ಯಾಕೆ ಅತ್ತಿಗೆ?"

"ಇದನ್ನ ನೀರಿಗೆ ಎಸೀದೆ ಇದ್ದಿದ್ದಕ್ಕೆ. ಬಸ್‌ಸ್ಟಾಪಿನ ಸೂರಿನ ಕೆಳಗೆ, ಒದ್ದೆಯಾಗದ ಕಡೆ ಇತ್ತಂತೆ. ಬೆಲ್ಟಿನ ಮೇಲೆ ಒಂದು ಕಲ್ಲು ಬೇರೆ ಇಟ್ಟಿತ್ತಂತೆ, ಉರುಳಿ ಬೀಳಬಾರ್ದು ಅಂತ. ಕೇಡು ಮಾಡೋವ್ರು ಕಲ್ಲು ಇಡ್ತಾರಾ? ಇದು ಅವರಿಗೆ ಎಷ್ಟು ಅಂತ ಗೊತ್ತಿರೋವ್ರು ಇಟ್ಟಿದ್ದು."

ಅಷ್ಟು ದೊಡ್ಡ ಆಳು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ. ಇಪ್ಪತ್ತು ವರ್ಷದ ನನ್ನ ಅನುಭವ ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿತು.

"ಇದನ್ನ ನನ್ನ ಕೈಗೆ ತುರುಕಿ ಎಸೆ ಅಂದ್ರು ಅತ್ತಿಗೆ. ನಡುನೀರಲ್ಲಿ ಎಸೆದುಬಿಡು ಅಂದ್ರು. ಕೈ ಬರ್ಲಿಲ್ಲ."

"ಯಾರು ಅಂದ್ರು?"

"ಹಡಗಿನವರು. ಫೋಟೋ ಕೊಟ್ಟಾಗ ಅವರ ಕ್ಯಾಪ್ಟನ್ ತುಂಬ ಹೊತ್ತು ನೋಡಿದ. ನಕ್ಕ. ಇದನ್ನ ತೆಗೆದೋರನ್ನ ಟೀ ಕುಡಿಯೋಕೆ ಕರ್ಕೊಂಡು ಬಾ, ಹಡಗು ಪೂರ್ತಿ ತೋರಿಸ್ತೀನಿ ಅಂದ. ನಿಮಗೇ ಗೊತ್ತಲ್ಲ, ಸಾವಿರ ಹಡಗಿನ ಫೋಟೋ ತೆಗೆದಿದ್ರೂ ಒಂದರೊಳಗೂ ಕಾಲಿಟ್ಟವನಲ್ಲ ಅವನು. ಕೇಳಿದ್ದೇ ತಡ, ದೋಣಿಗೆ ಹಾರ್ಕೊಂಡ. ಏಣಿ ಹತ್ತೋ ಮುಂಚೆ ಕ್ಯಾಮೆರಾ ಕಟ್ಟಿ, ಲೆನ್ಸ್ ಕಟ್ಟಿ, ತಲೆ ಬಾಚ್ಕೊಂಡ ಅತ್ತಿಗೆ. ಮದುವೆ ಮನೆಗೆ ಹೋಗೋ ಥರ."

ಅವಳು ಕಣ್ಣು ಮುಚ್ಚಿದಳು. ತುಟಿ ಕಚ್ಚಿಕೊಂಡಿದ್ದಳು.

"ಬದುಕಿದ್ದಾರಾ?"

"ನಿನ್ನೆ ಸಾಮಾನು ಕೊಡೋಕೆ ಹೋದಾಗ ಇದ್ದ. ಕೆಮ್ಮಿದ್ದು ಕೇಳಿಸ್ತು. ಕೆಳಗಿನ ರೂಮಲ್ಲಿ ಕೂಡಿಹಾಕಿದ್ದಾರೆ."

ಅವಳು ಎದ್ದು ನಿಂತಳು. "ದೋಣಿ ಬಿಚ್ಚಿ," ಎಂದಳು.

*

ಮಂಜಿನಲ್ಲಿ ನದಿಗೆ ಅಗಲವಿಲ್ಲ, ಉದ್ದವಿಲ್ಲ. ದೋಣಿಯ ಮೂತಿಯಾಚೆ ಹಾಲು ಚೆಲ್ಲಿದ ಹಾಗೆ ಬಿಳಿ. ಎಲ್ಲೋ ಬಲಗಡೆ ಒಂದು ಗಂಟೆ, ಎಲ್ಲೋ ಮುಂದೆ ಇನ್ನೊಂದು. ನಾನು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

ಹಡಗಿನ ಬಳಿ ಹೋಗಿ ಮಾಡುವುದೇನು? ನನ್ನ ಉಪಾಯ ಇಷ್ಟೇ. ಸಾಮಾನು ಕೊಡುವ ನೆಪದಲ್ಲಿ ಏಣಿ ಹತ್ತುವುದು, ಠಾಣೆಯ ಬೋಟು ಹಿಂದೆಯೇ ಬರುತ್ತಿದೆ ಎಂದು ಬೊಗಳೆ ಬಿಡುವುದು. ಉಪಾಯ ಎನ್ನಲು ನಾಚಿಕೆಯಾಗುತ್ತದೆ. ಬೇರೇನೂ ಇರಲಿಲ್ಲ.

"ಆ ಹಡಗಲ್ಲಿ ಅದರವರನ್ನ ಬಿಟ್ಟು ಬೇರೆ ಯಾರೂ ಇರಲ್ವಾ?" ಎಂದು ಪಿಸುಗುಟ್ಟಿದೆ.

"ಹೊರಡೋವಾಗ ಪೈಲಟ್ ಹತ್ತುತ್ತಾರೆ," ಎಂದಳು. "ನಮ್ಮ ನದಿ ಕಚೇರಿಯವರು. ಸಮುದ್ರ ಸಿಗೋವರೆಗೂ ಹಡಗನ್ನ ದಾರಿ ನೋಡಿ ನಡೆಸೋದು ಅವರೇ. ನಮ್ಮ ಮನೆಯವರಿಗೆ ಅವರೆಲ್ಲ ಗೊತ್ತು. ದಂಡೇಲಿ ನಿಂತು ಕೈ ಬೀಸಿದ್ರೆ ತಿರುಗಿ ಬೀಸ್ತಾರೆ."

ದೊಡ್ಡ ಕಪ್ಪು ಗೋಡೆಯೊಂದು ಮಂಜಿನಿಂದ ಒಮ್ಮೆಗೇ ಎದ್ದುಬಂತು. ಗಂಟಲು ಎಂಜಿನ್ನಿನ ಸದ್ದು ಇಳಿಸಿದ.

"ಇದೇ," ಎಂದ.

ಹಡಗು ಎಷ್ಟು ಎತ್ತರವೆಂದು ದಂಡೆಯಿಂದ ನೋಡಿದವರಿಗೆ ತಿಳಿಯುವುದಿಲ್ಲ. ಕತ್ತು ನೋಯುವಷ್ಟು ಎತ್ತಿ ನೋಡಿದರೂ ಅಂಚು ಕಾಣಲಿಲ್ಲ. ಏಣಿ ಇರಲಿಲ್ಲ. ಯಾರೂ ಕೂಗಲಿಲ್ಲ. ಅವಳು ದೋಣಿಯ ಅಂಚಿಗೆ ಬಗ್ಗಿ ಹಡಗಿನ ಮೈಯನ್ನು ಅಂಗೈಯಿಂದ ಸವರಿದಳು, ತಲೆ ಹಿಂದಕ್ಕೆ ಬಾಗಿಸಿ ಮೇಲಿದ್ದ ಹೆಸರನ್ನು ದಿಟ್ಟಿಸಿದಳು. ಕಲೆ ಹುಡುಕಿ ಬದುಕು ಸಾಗಿಸಿದ ಕಣ್ಣು ಅವಳದು.

"ಅಣ್ಣಾ," ಎಂದಳು ಮೆಲ್ಲಗೆ. "ಹೆಸರಿನ ಮೇಲೆ ತುಕ್ಕು ಸುರಿದಿದೆ."

"ಸುರಿದ್ರೆ?"

"ಹೊಸ ಬಣ್ಣದ ಮೇಲೆ ನಾಲ್ಕು ದಿನಕ್ಕೆ ತುಕ್ಕು ಸುರಿಯಲ್ಲ. ಇದು ವರ್ಷಗಟ್ಟಲೆ ಹಿಂದೆ ಬರೆದ ಹೆಸರು. ಇದು ಆ ಹಡಗಲ್ಲ."

ನಾನು ಗಂಟಲಿನ ಕಡೆ ತಿರುಗಿದೆ. ಅವನು ನಮ್ಮನ್ನು ನೋಡುತ್ತಿರಲಿಲ್ಲ. ಹೊಳೆಯ ಮೇಲುಭಾಗವನ್ನು ನೋಡುತ್ತಿದ್ದ. ಮುಖದ ಮೇಲೆ ಎಳೆಬಿಸಿಲು ಬಿದ್ದಿತ್ತು.

ಬಿಸಿಲು!

ಮಂಜು ಮೇಲೆದ್ದು ಕರಗುತ್ತಿತ್ತು. ಮೊದಲು ನೀರು ಕಂಡಿತು, ಆಮೇಲೆ ನೀರಿನ ಮೇಲೆ ಇನ್ನೊಂದು ಹಡಗಿನ ಬುಡ, ಆಮೇಲೆ ಅದರ ಕಪ್ಪು ಮೈ. ಕೂಗಿದರೆ ಕೇಳುವಷ್ಟು ದೂರದಲ್ಲಿ, ಹೊಳೆಯ ಮೇಲುಗಡೆ ನಿಂತಿತ್ತು. ಅದರ ಮೂತಿಯ ಮೇಲೆ ಬಿಳಿ ಅಕ್ಷರಗಳು ಹೊಸ ಹಲ್ಲಿನಂತೆ ಹೊಳೆಯುತ್ತಿದ್ದವು. ಅಲ್ಲಿಂದ ಕಬ್ಬಿಣದ ಸದ್ದು ಬರುತ್ತಿತ್ತು, ಗರಗರ, ಗರಗರ. ಲಂಗರು ಎತ್ತುತ್ತಿದ್ದರು.

"ಅಲ್ಲಿ!" ಎಂದು ಅವಳು ಚೀರಿದಳು. "ಅಲ್ಲಿ ನೋಡಿ! ನನ್ನ ಕವರು!"

ಹಡಗಿನ ಹೊಟ್ಟೆಯಲ್ಲಿ, ನೀರಿಗೆ ಹತ್ತಿರದ ಒಂದು ದುಂಡು ಕಿಟಕಿಯಿಂದ ತೆಳು ಪ್ಲಾಸ್ಟಿಕ್ ಹೊರಗೆ ಬಂದು ಗಾಳಿಗೆ ಉಬ್ಬಿತ್ತು. ಅಂಚಿನಲ್ಲಿ ನೀಲಿ ಪಟ್ಟಿ. ಲೆನ್ಸಿಗೆಂದು ಒಯ್ದ ಎರಡನೆಯ ಕವರು. ಅದನ್ನು ಕಿಟಕಿಗೆ ಕಟ್ಟಿದ ಗಂಟು ಅಷ್ಟು ದೂರದಿಂದ ನನಗೆ ಕಾಣಲಿಲ್ಲ, ಅವಳಿಗೆ ಕಂಡಿರಬೇಕು.

"ನಡಿಯೋ! ಅಲ್ಲಿಗೆ ಬಿಡು ದೋಣಿ!" ಎಂದು ನಾನು ಕಿರುಚಿದೆ.

ಗಂಟಲು ಎಂಜಿನ್ ನಿಲ್ಲಿಸಿದ. ಕೀ ತೆಗೆದು ಮುಷ್ಟಿಯಲ್ಲಿ ಹಿಡಿದ.

"ನನ್ನ ತಮ್ಮ ಆ ಹಡಗಲ್ಲಿ ಅಡುಗೆ ಕೆಲಸಕ್ಕಿದ್ದಾನೆ ಅತ್ತಿಗೆ," ಎಂದ. "ನಾನೇ ಸೇರಿಸಿದ್ದು. ನಿನ್ನೆ ಅವನ ಕುತ್ತಿಗೆ ಹಿಡ್ಕೊಂಡು ಹೇಳಿದ್ರು. ಸಮುದ್ರ ಮುಟ್ಟೋವರೆಗೂ ಯಾರೂ ಬರಬಾರ್ದು. ಬಂದ್ರೆ ನಿನ್ನ ತಮ್ಮ ಇಲ್ಲ. ಬರದೆ ಇದ್ರೆ ಮುಂದಿನ ಬಂದರಲ್ಲಿ ಅವನನ್ನ ಇಳಿಸ್ತೀವಿ ಅಂತ."

"ಇವರನ್ನ?" ಎಂದಳು ಅವಳು. "ಇವರನ್ನ ಎಲ್ಲಿ ಇಳಿಸ್ತಾರಂತೆ?"

ಅವನು ನಡುನೀರಿನ ಕಡೆ ನೋಡಿದ.

ನಾನು ಅವನ ಮೇಲೆ ಬಿದ್ದೆ. ಹೊಡೆದಾಡಿ ಅಭ್ಯಾಸವಿಲ್ಲದ ದಪ್ಪ ಮನುಷ್ಯ ನಾನು, ತೂಗುವ ದೋಣಿ ಬೇರೆ. ಅವನು ಒಂದೇ ಕೈಯಲ್ಲಿ ನನ್ನನ್ನು ದಬ್ಬಿ, ಇನ್ನೊಂದು ಕೈ ಬೀಸಿದ. ಕೀ ಬಿಸಿಲಲ್ಲಿ ಒಮ್ಮೆ ಮಿಂಚಿ ನೀರಿಗೆ ಬಿತ್ತು.

ಮೂವರೂ ಅದು ಬಿದ್ದ ಜಾಗವನ್ನೇ ನೋಡಿದೆವು.

ಅಷ್ಟರಲ್ಲಿ ಸರಪಳಿಯ ಸದ್ದು ನಿಂತಿತು. ಹೊಸ ಹೆಸರಿನ ಹಡಗು ಮೆಲ್ಲಗೆ ಅಲುಗಿ, ಮೂತಿಯನ್ನು ಹೊಳೆಯ ಕೆಳಗಡೆಗೆ ತಿರುಗಿಸಿತು. ನಮ್ಮ ಕಡೆಗೆ. ಸಮುದ್ರಕ್ಕೆ ಹೋಗುವ ದಾರಿಯ ನಟ್ಟನಡುವೆ, ಎಂಜಿನ್ನಿಲ್ಲದ ದೋಣಿಯಲ್ಲಿ ನಾವಿದ್ದೆವು. ಪಕ್ಕದಲ್ಲಿದ್ದ ಹಡಗಿನ ಮೈಯಿಂದ ಹೊಳೆ ನಮ್ಮನ್ನು ಆಗಲೇ ದೂರ ಒಯ್ದಿತ್ತು.

ಆಗ ಗಂಟಲಿಗೆ ತಾನೇನು ಮಾಡಿದೆ ಎನ್ನುವುದು ತಿಳಿಯಿತು. "ಹುಟ್ಟು! ಹುಟ್ಟು ಹಾಕಿ ಸಾರ್, ಬದಿಗೆ ಸರೀಬೇಕು!" ಎಂದು ಕೂಗಿದ. ಅವನ ಹಳೆಯ ದನಿ ವಾಪಸ್ಸು ಬಂದಿತ್ತು.

ದೋಣಿಯಲ್ಲಿ ಇದ್ದದ್ದು ಒಂದೇ ಹುಟ್ಟು. ನಾನು ಅದಕ್ಕೆ ಕೈ ಹಾಕುವ ಮೊದಲು ಅದು ಅವಳ ಕೈಯಲ್ಲಿತ್ತು.

"ಕೊಡಮ್ಮ ಇಲ್ಲಿ!"

"ಹಡಗು ಹೊರಟಿದೆ ಅಂದ್ರೆ ಪೈಲಟ್ ಮೇಲೆ ಇದ್ದಾರೆ ಅಣ್ಣಾ. ಅವರು ಈ ಹಡಗಿನವರಲ್ಲ, ನಮ್ಮವರು. ನಾವು ಸರಿದ್ರೆ ಅವರ ಪಾಡಿಗೆ ಅವರು ಹೋಗ್ತಾರೆ. ಸರೀದೆ ಇದ್ರೆ ಯಾಕೆ ಅಂತ ಕೇಳಲೇಬೇಕು."

"ಹಡಗು ಬಸ್ಸಲ್ಲ ಕಣಮ್ಮ! ಬ್ರೇಕ್ ಹಾಕಿದ ಕೂಡ್ಲೇ ನಿಲ್ಲಲ್ಲ!"

"ಗೊತ್ತು."

ಅವಳು ಹುಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ಆದಷ್ಟು ದೂರಕ್ಕೆ ಎಸೆದಳು. ಬಟ್ಟೆಯ ಮೂಟೆ ಎಸೆದು ಪಳಗಿದ ತೋಳು. ಅದು ತೇಲುತ್ತಾ ಹೋಗುವುದನ್ನು ಗಂಟಲು ಬಾಯಿ ತೆರೆದುಕೊಂಡು ನೋಡಿದ. ನನಗೆ ಮನೆ ನೆನಪಾಯಿತು, ಒಲೆಯ ಮೇಲೆ ಬಿಟ್ಟುಬಂದ ಹಾಲು ನೆನಪಾಯಿತು. ಸಾಯುವ ಹೊತ್ತಿಗೆ ಇಂಥದ್ದೇ ನೆನಪಾಗುತ್ತದೇನೋ.

ಅವಳು ಮಾತ್ರ ದೋಣಿಯ ನಡುವೆ ಕಾಲೂರಿ ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಕ್ಯಾಮೆರಾವನ್ನು ಎದೆಗೆ ಅವಚಿಕೊಂಡು ಇನ್ನೊಂದು ಕೈ ಬೀಸಿದಳು, ಅವಳ ಗಂಡ ದಂಡೆಯಲ್ಲಿ ನಿಂತು ಬೀಸುತ್ತಿದ್ದಂತೆ. ಹಡಗು ಬರುತ್ತಲೇ ಇತ್ತು. ದುಂಡು ಕಿಟಕಿಯ ಕವರು ಬಿಸಿಲಲ್ಲಿ ಮಿನುಗುತ್ತಿತ್ತು.

ಹಾರ್ನ್ ಕೂಗಿತು. ಚಿಕ್ಕದು. ದೋಣಿಯ ಹಲಗೆಗಳೆಲ್ಲ ನಡುಗಿದವು.

ಇನ್ನೊಂದು. ಮತ್ತೊಂದು. ಅವಳು ತುಟಿಯಲ್ಲೇ ಎಣಿಸುತ್ತಿದ್ದಳು. ನಾಲ್ಕನೆಯದಕ್ಕೆ ಅವಳ ಕೆನ್ನೆಯ ಮೇಲೆ ನೀರು ಇಳಿಯಿತು, ಆದರೂ ಮುಖದಲ್ಲಿದ್ದದ್ದು ನಗುವೇ.

ಐದನೆಯದೂ ಆಯಿತು.

ನೀನೇನು ಮಾಡುತ್ತಿದ್ದೀಯೋ ನನಗೆ ತಿಳಿಯುತ್ತಿಲ್ಲ ಎಂದು ಹಡಗು ಕೇಳಿ ಮುಗಿಸಿತ್ತು. ಅವಳು ಬೀಸುತ್ತಿದ್ದ ಕೈ ಇಳಿಸಿ, ಅದರ ಬೆರಳು ಚಾಚಿ, ಆ ನೀಲಿ ಪಟ್ಟಿಯ ಕಿಟಕಿಯನ್ನು ತೋರಿಸಿದಳು. ಎತ್ತರದ ಗಾಜಿನ ಕೋಣೆಯಲ್ಲಿ ಒಬ್ಬ ಮನುಷ್ಯ, ಪೈಲಟ್ಟೇ ಇರಬೇಕು, ಹೊರಗೆ ಬಗ್ಗಿ ನೋಡಿದ್ದು ನನಗೆ ಕಂಡಿತು. ಅವನ ಹಿಂದೆಯೇ ಹಡಗಿನವನೊಬ್ಬ ಬಂದು ಅವನ ಹೆಗಲ ಮೇಲೆ ಕೈಯಿಟ್ಟದ್ದೂ ಕಂಡಿತು.

ಹಡಗಿನ ಮೂತಿ ನೀರನ್ನು ಸೀಳುವ ಸದ್ದು ಮಾತ್ರ ಇನ್ನೂ ನಿಂತಿರಲಿಲ್ಲ.